ಮೂಳೆಗೆ ಬೆಸೆದ ಲೋಹ: ಹಲ್ಲಿನ ಇಂಪ್ಲಾಂಟ್ ನಡೆದು ಬಂದ ದಾರಿ

ಹಲ್ಲು ಕೀಳಿಸಿಕೊಂಡವರು ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೆ ಕೂರಿಸಿ ಮೇಲೆ ಕೃತಕ ಹಲ್ಲು ಕಟ್ಟುವ ಲೋಹದ ಸ್ಕ್ರೂ, ಬಗ್ಗೆ ವಿಚಾರಿಸಿದರೆ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದೇ ದಿನ ಹಲ್ಲು ಕೂರಿಸಬಹುದು ಎಂದು ಒಬ್ಬರು ಹೇಳಿದರೆ, ಆರು ತಿಂಗಳು ಕಾಯಲೇಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ಜೀವಮಾನವಿಡೀ ಬಾಳುತ್ತದೆ ಎಂಬ ಭರವಸೆಯೂ ಇದೆ, ಕೆಲವೇ ವರ್ಷಗಳಲ್ಲಿ ಒಸಡು ಬಾತು ಸ್ಕ್ರೂ ಸಡಿಲವಾದವರ ಅನುಭವವೂ ಇದೆ. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಒಂದೇ ಹೆಸರಿನಡಿ ಬೇರೆ ಬೇರೆ ಕಾಲದ ಪದ್ಧತಿಗಳು ಬಂದು ಸೇರಿಕೊಂಡಿವೆ, ಅಷ್ಟೆ.

ಆಸೆ ಬಹಳ ಹಳೆಯದು. 1931ರಲ್ಲಿ ಹೊಂಡುರಾಸ್‌ನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 600ರ ಕಾಲದ ಮಾಯಾ ದವಡೆಯ ತುಂಡೊಂದರಲ್ಲಿ ಬಾಚಿಹಲ್ಲುಗಳ ಜಾಗದಲ್ಲಿ ಚಿಪ್ಪಿನ ಚೂರುಗಳಿದ್ದವು. ಅಲ್ಲಿಂದ ಮುಂದಿನ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳುವುದಾದರೆ, 1913ರಲ್ಲಿ ಇರಿಡಿಯಂ-ಪ್ಲಾಟಿನಂ ತಂತಿಯ ಪಂಜರ, 1930ರ ದಶಕದ ಕೊನೆಗೆ ವೈಟಾಲಿಯಂ ಎಂಬ ಮಿಶ್ರಲೋಹದ ಸ್ಕ್ರೂ, 1940ರ ದಶಕದಲ್ಲಿ ಒಸಡಿನಡಿ ಮೂಳೆಯ ಮೇಲೆ ಕೂರಿಸುವ ಚೌಕಟ್ಟು, 1960ರ ದಶಕದಲ್ಲಿ ಅಲಗಿನಾಕಾರದ ತಗಡು. ಇವುಗಳಲ್ಲಿ ಬಹುಪಾಲು ಉಪಕರಣಗಳ ಸುತ್ತ ನಾರಿನಂಥ ಅಂಗಾಂಶದ ಪದರವೊಂದು ಬೆಳೆದು, ಲೋಹವು ಮೂಳೆಯನ್ನು ನೇರವಾಗಿ ಹಿಡಿದುಕೊಳ್ಳುತ್ತಿರಲಿಲ್ಲ. ಆ ಪದರ ಇರಬೇಕಾದದ್ದೇ ಎಂದು ನಂಬಿದವರೂ ಆಗ ಕಡಿಮೆ ಇರಲಿಲ್ಲ.

ತಿರುವು ಬಂದದ್ದು ದಂತವೈದ್ಯಕೀಯದ ಹೊರಗಿನಿಂದ. ಸ್ವೀಡನ್‌ನ ಲುಂಡ್‌ನಲ್ಲಿ 1952ರ ಸುಮಾರಿಗೆ ಪರ್-ಇಂಗ್ವಾರ್ ಬ್ರೊನೆಮಾರ್ಕ್ ಎಂಬ ವೈದ್ಯ ವಿಜ್ಞಾನಿ, ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆಂದು ನೋಡಲು ಮೊಲದ ಕಾಲಿನ ಮೂಳೆಗೆ ಟೈಟೇನಿಯಂನ ಪುಟ್ಟ ವೀಕ್ಷಣಾ ಕೊಳವೆಯೊಂದನ್ನು ಜೋಡಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಲೋಹದ ಮೈಗೇ ಬೆಳೆದು ಹಿಡಿದುಕೊಂಡಿತ್ತು. ಗಾಳಿ ತಾಗಿದೊಡನೆ ಟೈಟೇನಿಯಂ ಮೇಲೆ ಕೂರುವ ಆಕ್ಸೈಡಿನ ತೆಳುಪೊರೆಯನ್ನು ದೇಹ ಪರಕೀಯವೆಂದು ದೂರ ತಳ್ಳುವುದಿಲ್ಲ. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ, ದವಡೆಯ ವಿರೂಪದಿಂದ ಬಳಲುತ್ತಿದ್ದ ಮೊದಲ ರೋಗಿಗೆ ಇಂಥ ಸ್ಕ್ರೂಗಳನ್ನು ಹಾಕಲಾಯಿತು. ನಾಲ್ಕು ದಶಕಗಳ ನಂತರ ಆತ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡುತ್ತಿದ್ದವು.

ಈ ಯಶಸ್ಸನ್ನು ನೆನೆಯುವವರು ಲೋಹವನ್ನು ಹೊಗಳುತ್ತಾರೆ, ಆದರೆ ಅದರಲ್ಲಿ ಅರ್ಧ ಪಾಲು ತಾಳ್ಮೆಯದು. ಮೂಳೆ ಒಂದು ನಿಮಿಷದ ಕಾಲ 47 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೂ ಸಾಕು, ಮುಂದೆ ಅದರ ಬೆಳವಣಿಗೆಗೆ ಪೆಟ್ಟು ಬೀಳುತ್ತದೆಂದು ಬ್ರೊನೆಮಾರ್ಕ್ ಅವರ ಬಳಗ ಮುಂದೆ ತೋರಿಸಿತು. ಹಾಗಾಗಿ ತಂಪಿಗೆ ಸಲೈನ್ (ಉಪ್ಪುನೀರು) ಸುರಿಸುತ್ತ, ನಿಧಾನಗತಿಯಲ್ಲಿ, ಸಣ್ಣ ಡ್ರಿಲ್‌ನಿಂದ ದೊಡ್ಡದಕ್ಕೆ ಹಂತಹಂತವಾಗಿ ಹೋಗಿ ರಂಧ್ರವನ್ನು ಅಗಲಿಸಬೇಕಿತ್ತು. ಸ್ಕ್ರೂ ಕೂರಿಸಿದ ಮೇಲೆ ಒಸಡನ್ನು ಹೊಲಿದು ಮುಚ್ಚಿ, ಕೆಳದವಡೆಗೆ ಮೂರು ತಿಂಗಳು, ಮೂಳೆ ಮೆತ್ತಗಿರುವ ಮೇಲ್ದವಡೆಗೆ ಆರು ತಿಂಗಳು ಭಾರವನ್ನೇ ಹಾಕದೆ ಬಿಟ್ಟು, ಎರಡನೇ ಶಸ್ತ್ರಚಿಕಿತ್ಸೆಯಲ್ಲಿ ತೆರೆದು ಹಲ್ಲು ಕಟ್ಟುತ್ತಿದ್ದರು. ಸ್ವೀಡನ್ನಿನ ದಂತವೈದ್ಯ ವಲಯವೇ ಇದನ್ನು ವರ್ಷಗಟ್ಟಲೆ ಅನುಮಾನದಿಂದ ನೋಡಿತು. 1977ರಲ್ಲಿ ಹತ್ತು ವರ್ಷಗಳ ಅನುಭವದ ವರದಿ ಹೊರಬಂದಿತು. 1982ರಲ್ಲಿ ದಂತವೈದ್ಯ ಜಾರ್ಜ್ ಜಾರ್ಬ್ ಕೆನಡಾದ ಟೊರೊಂಟೊದಲ್ಲಿ ಸಮ್ಮೇಳನ ಸೇರಿಸಿದ ನಂತರವೇ ಉತ್ತರ ಅಮೆರಿಕ ಇದನ್ನು ಗಂಭೀರವಾಗಿ ತೆಗೆದುಕೊಂಡಿತು.

ಅದರಾಚೆಗಿನ ಇತಿಹಾಸವೆಂದರೆ ಬಹುಮಟ್ಟಿಗೆ ಕಾಯುವ ಅವಧಿಯನ್ನು ಕತ್ತರಿಸುತ್ತ ಹೋದ ಇತಿಹಾಸ. ಸ್ವಿಟ್ಜರ್ಲೆಂಡಿನಲ್ಲಿ ದಂತವೈದ್ಯ ಆಂದ್ರೆ ಶ್ರೋಡರ್ ಬಳಗವು ಒಸಡು ಮುಚ್ಚದೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಕೆಲಸ ಮುಗಿಸುವ ದಾರಿ ತೋರಿಸಿತು. ನಯವಾಗಿದ್ದ ಲೋಹದ ಮೈಯನ್ನು ತರಿತರಿ ಮಾಡಿದ್ದರಿಂದ ಮೂಳೆ ಬೇಗ ಹಿಡಿಯತೊಡಗಿತು. 1990ರ ದಶಕದ ಕೊನೆಗೆ ಲಿಸ್ಬನ್‌ನಲ್ಲಿ ದಂತವೈದ್ಯ ಪೌಲೊ ಮಾಲೊ, ಹಿಂದಿನ ಎರಡನ್ನು ಓರೆಯಾಗಿ ಕೂರಿಸಿದ ನಾಲ್ಕೇ ಇಂಪ್ಲಾಂಟ್‌ಗಳ ಮೇಲೆ ಇಡೀ ದವಡೆಯ ಹಲ್ಲುಗಳನ್ನು ತಕ್ಷಣ ನಿಲ್ಲಿಸುವ ವಿಧಾನವನ್ನು ಬಳಕೆಗೆ ತಂದರು. ಇವೆಲ್ಲ ನಿಜವಾದ ಪ್ರಗತಿಗಳೇ. ಆದರೆ ಪ್ರತಿಯೊಂದಕ್ಕೂ ಗಟ್ಟಿ ಮೂಳೆ, ಮೊದಲ ದಿನವೇ ಅಲುಗಾಡದ ಹಿಡಿತ, ಹತೋಟಿಯಲ್ಲಿರುವ ಮಧುಮೇಹ, ಧೂಮಪಾನ ಇಲ್ಲದಿರುವುದು ಮುಂತಾದ ಷರತ್ತುಗಳಿದ್ದವು. ವಿಧಾನ ಹರಡಿದಷ್ಟು ಸುಲಭವಾಗಿ ಅದರ ಷರತ್ತುಗಳು ಹರಡಲಿಲ್ಲ. ಚಿಕಿತ್ಸೆ ಸಲೀಸಾದಂತೆ, ಇನ್ನೂ ಉಳಿಸಿಕೊಳ್ಳಬಹುದಾಗಿದ್ದ ಹಲ್ಲುಗಳು ಸ್ವಲ್ಪ ಅವಸರದಲ್ಲೇ ಜಾಗ ಖಾಲಿ ಮಾಡತೊಡಗಿದವು ಎಂದರೆ ಬಹುಶಃ ತಪ್ಪಾಗಲಾರದು.

ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ ಎಂಬ ಮಾತು ಸರಿ; ಗೋಜಲು ಶುರುವಾಗುವುದೂ ಅಲ್ಲಿಂದಲೇ. ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ನಾರುಗಳ ಮೆತ್ತೆ ಇರುತ್ತದೆ. ಒಸಡಿನ ನಾರುಗಳೂ ಬೇರಿಗೆ ನೆಟ್ಟುಕೊಂಡು ಸೋಂಕನ್ನು ತಡೆಯುತ್ತವೆ. ಇಂಪ್ಲಾಂಟಿಗೆ ಮೆತ್ತೆ ಇಲ್ಲ, ಒಸಡಿನ ನಾರುಗಳು ಅದರ ಪಕ್ಕದಲ್ಲಿ ಹಾದುಹೋಗುತ್ತವೆಯೇ ಹೊರತು ಒಳಗೆ ನೆಟ್ಟುಕೊಳ್ಳುವುದಿಲ್ಲ. ಆದ್ದರಿಂದ ಪಾಚಿ (ಬ್ಯಾಕ್ಟೀರಿಯಾಗಳ ಪದರ) ಕಟ್ಟಿ ಉರಿಯೂತ ಶುರುವಾದರೆ ಅದು ಮೂಳೆಗೆ ಬೇಗ ಇಳಿಯುತ್ತದೆ, ಅದೂ ಹೆಚ್ಚಾಗಿ ನೋವಿಲ್ಲದೆ. ಪೆರಿ-ಇಂಪ್ಲಾಂಟೈಟಿಸ್ ಎನ್ನುವುದು ಇದನ್ನೇ.

ಎಲ್ಲಿಂದಾಚೆ ಇದು ರೋಗ ಎಂಬುದಕ್ಕೆ ಬಹುಕಾಲ ಒಬ್ಬೊಬ್ಬರದು ಒಂದೊಂದು ಅಳತೆಯಾಗಿತ್ತು. 2017ರ ಅಂತರರಾಷ್ಟ್ರೀಯ ಕಾರ್ಯಾಗಾರವೊಂದು ಅದನ್ನು ಹೀಗೆ ಗೊತ್ತುಮಾಡಿತು: ಒಸಡಿನಂಚಿಗೆ ಸಲಾಕೆ ತಾಗಿಸಿದಾಗ ರಕ್ತ ಅಥವಾ ಕೀವು ಬರಬೇಕು, ಅದು ಒಳಗೆ ಇಳಿಯುವ ಆಳ ಹಿಂದಿಗಿಂತ ಹೆಚ್ಚಿರಬೇಕು, ಆರಂಭದ ಸಹಜ ಸವೆತವನ್ನು ಮೀರಿ ಮೂಳೆ ಕರಗಿರಬೇಕು. ಹೋಲಿಸಿ ನೋಡಲು ಹಲ್ಲು ಕೂರಿಸಿದ ಕಾಲದ ಎಕ್ಸ್‌-ರೇ ಬೇಕು. ಆ ಹಳೆಯ ಚಿತ್ರ ಎಲ್ಲೂ ಸಿಗದವರಿಗಾಗಿ, ರಕ್ತ ಅಥವಾ ಕೀವಿನ ಜೊತೆಗೆ ಕನಿಷ್ಠ 6 ಮಿಲಿಮೀಟರ್ ಆಳ, ಕನಿಷ್ಠ 3 ಮಿಲಿಮೀಟರ್ ಮೂಳೆ ನಷ್ಟ ಎಂಬ ಬದಲಿ ಲೆಕ್ಕವನ್ನೂ ಅದೇ ಕಾರ್ಯಾಗಾರ ಬರೆದಿಡಬೇಕಾಯಿತು.