ರೆಡ್‌ಫರ್ಡೇಷನ್ ಅಂದರೆ ಏನು?

ಒಂದು ಶಾಲೆಯ ತರಗತಿ. ಆಂಜೆಲಾ ಅಬಾರ್ ಎಂಬ ಕಪ್ಪು ಮಹಿಳೆ ಮಕ್ಕಳ ಮುಂದೆ ನಿಂತು ಮೊಟ್ಟೆ ಒಡೆಯುತ್ತಿದ್ದಾಳೆ. ಪೊಲೀಸ್ ಕೆಲಸ ಬಿಟ್ಟು ಬೇಕರಿ ತೆರೆಯುತ್ತೇನೆ ಅಂತ ಊರಿಗೆಲ್ಲ ಹೇಳಿಕೊಂಡವಳು ಅವಳು. ಬಿಳಿ ಭಾಗ ಬೇರೆ, ಹಳದಿ ಬೇರೆ ಮಾಡಿ ತೋರಿಸುತ್ತಿರುವಾಗ ಒಬ್ಬ ಬಿಳಿ ಹುಡುಗ ಕೇಳುತ್ತಾನೆ, ಬೇಕರಿಗೆ ದುಡ್ಡು ರೆಡ್‌ಫರ್ಡೇಷನ್‌ನಿಂದ ಬಂತಾ ಅಂತ. ಆಂಜೆಲಾಳ ಸಾಕುಮಗ ಎದ್ದವನೇ ಅವನ ಮೇಲೆ ಬೀಳುತ್ತಾನೆ.

ಇದು ‘ವಾಚ್‌ಮೆನ್’ ಸರಣಿಯ ಮೊದಲ ಕಂತು. ಹೆಸರು ಕೇಳಿ ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮನ್ ಕಥೆ ಅಂದುಕೊಳ್ಳಬೇಡಿ. 2019ರಲ್ಲಿ ಅಮೆರಿಕದ ಟೀವಿ ಚಾನೆಲ್ ಎಚ್‌ಬಿಒದಲ್ಲಿ ಬಂದ ಒಂಬತ್ತು ಕಂತಿನ ಸೂಪರ್‌ಹೀರೋ ಸರಣಿ ಇದು. ಡೇಮನ್ ಲಿಂಡೆಲಾಫ್ ರೂಪಿಸಿದ್ದು. ಆಂಜೆಲಾ ಆಗಿ ನಟಿಸಿದವರು ರೆಜಿನಾ ಕಿಂಗ್. ಮರುವರ್ಷ ಟೀವಿಗೆ ಕೊಡುವ ಎಮ್ಮಿ ಪ್ರಶಸ್ತಿ 11 ಬಂತು.

ಈಗ ಪದಕ್ಕೆ ಬರೋಣ. ಸರಣಿಯ ಕಲ್ಪಿತ ಅಮೆರಿಕದಲ್ಲಿ ಸಿನಿಮಾ ನಟ ರಾಬರ್ಟ್ ರೆಡ್‌ಫರ್ಡ್ ಹಲವು ವರ್ಷಗಳಿಂದ ಅಧ್ಯಕ್ಷ. ಜನಾಂಗ ದ್ವೇಷದ ಹಿಂಸೆಗೆ ಸಿಕ್ಕವರಿಗೂ ಅವರ ನೇರ ವಂಶದವರಿಗೂ ಜೀವನಪೂರ್ತಿ ತೆರಿಗೆ ಇಲ್ಲ ಅಂತ ಅವನ ಸರ್ಕಾರ ಕಾನೂನು ಮಾಡಿದೆ. ಇದನ್ನು ಸಹಿಸದವರು ‘ರೆಡ್‌ಫರ್ಡ್’ ಮತ್ತು ‘ರೆಪರೇಷನ್’ (ಹಿಂದೆ ಮಾಡಿದ ಅನ್ಯಾಯಕ್ಕೆ ಕೊಡುವ ದುಡ್ಡು) ಎರಡನ್ನೂ ಸೇರಿಸಿ ರೆಡ್‌ಫರ್ಡೇಷನ್ ಅನ್ನುತ್ತಾರೆ. ನಿನ್ನದು ಬಿಟ್ಟಿ ದುಡ್ಡು ಅಂತ ಚುಚ್ಚುವ ಮಾತು ಅದು. ಹುಡುಗ ಅದನ್ನು ಎಲ್ಲಿ ಕಲಿತ? ಮನೆಯಲ್ಲೇ ಇರಬೇಕು, ಅಲ್ವಾ.

ರೆಪರೇಷನ್‌ಗೆ ಕನ್ನಡದಲ್ಲಿ ಏನನ್ನೋಣ? ಪತ್ರಿಕೆಗಳಲ್ಲಿ ಸುಮ್ನೆ ‘ಪರಿಹಾರ’ ಅಂತ ಹಾಕಿಬಿಡುತ್ತಾರೆ. ಆದರೆ ಪರಿಹಾರ ಅಂದ ಕೂಡಲೇ ನಮಗೆ ನೆನಪಾಗುವುದು ಬೆಳೆ ಪರಿಹಾರ, ನೆರೆ ಪರಿಹಾರ, ಸಿಡಿಲು ಬಡಿದು ಸತ್ತವರ ಮನೆಗೆ ಮಂತ್ರಿ ಬಂದು ಕೊಡುವ ಚೆಕ್. ಮಳೆ ಬಂತು, ಹೊಳೆ ಉಕ್ಕಿತು, ಸರ್ಕಾರ ಕೈ ಹಿಡಿಯಿತು. ಅಲ್ಲಿ ಯಾರೂ ತಪ್ಪೊಪ್ಪಿಕೊಳ್ಳಬೇಕಾಗಿಲ್ಲ. ರೆಪರೇಷನ್‌ನಲ್ಲಿ ಕೊಡುವವರು ಮೊದಲು ತಪ್ಪು ನಮ್ಮದು ಅನ್ನಬೇಕು. ಹಾಗಾದರೆ ಪ್ರಾಯಶ್ಚಿತ್ತ? ಅದು ತಪ್ಪು ಮಾಡಿದವನ ಪಾಪ ಕಳೆಯುವುದಕ್ಕೆ. ಮನೆ ಸುಟ್ಟುಹೋದವನಿಗೆ ಅದರಿಂದ ಒಂದು ಹೆಂಚೂ ಸಿಗುವುದಿಲ್ಲ.

ಮಜಾ ಏನೆಂದರೆ, ಹತ್ತಿರದ ಪದ ದಿನಾ ನಮ್ಮ ಬಾಯಲ್ಲೇ ಇದೆ: ರಿಪೇರಿ. ಇದೂ ರೆಪರೇಷನ್ನೂ ಒಂದೇ ಲ್ಯಾಟಿನ್ ಬೇರಿನಿಂದ ಬಂದವು. ಸೈಕಲ್ ರಿಪೇರಿ, ಪಂಪ್‌ಸೆಟ್ ರಿಪೇರಿ ಅನ್ನುವ ಹಾಗೆಯೇ ಇದೂ. ಕೆಟ್ಟದ್ದನ್ನು ಮತ್ತೆ ನಡೆಯುವ ಹಾಗೆ ಮಾಡಿಕೊಡುವುದು, ಅದೂ ಕೆಡಿಸಿದವರ ಖರ್ಚಿನಲ್ಲಿ.

ಸರಣಿಯಲ್ಲಿ ಕೆಟ್ಟದ್ದು ಯಾವುದು ಅಂದರೆ ಟಲ್ಸಾ. ಮೊದಲ ದೃಶ್ಯವೇ ಅದು, ಮತ್ತು ಅದು ಕಲ್ಪನೆಯಲ್ಲ. ಒಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ ಗ್ರೀನ್‌ವುಡ್ ಅನ್ನುವ ಕಪ್ಪು ಜನರ ಬಡಾವಣೆ ಇತ್ತು. ಹೋಟೆಲು, ಥಿಯೇಟರು, ವೈದ್ಯರು, ವಕೀಲರು ಎಲ್ಲ ಇದ್ದ ಜಾಗ. ಅದಕ್ಕೇ ನ್ಯೂಯಾರ್ಕಿನ ದುಡ್ಡಿನ ಬೀದಿ ವಾಲ್ ಸ್ಟ್ರೀಟ್‌ನ ಹೆಸರಿಟ್ಟು ‘ಬ್ಲ್ಯಾಕ್ ವಾಲ್ ಸ್ಟ್ರೀಟ್’ ಅನ್ನುತ್ತಿದ್ದರು. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಅದನ್ನು ಸುಟ್ಟುಹಾಕಿತು. ಸುಮಾರು 35 ಬ್ಲಾಕ್ (ಬೀದಿಗಳ ನಡುವಿನ ಚೌಕ), 1,200ಕ್ಕೂ ಜಾಸ್ತಿ ಮನೆ. ಸತ್ತವರು 300ರವರೆಗೆ ಇರಬಹುದು ಅಂತ ಇತಿಹಾಸಕಾರರ ಅಂದಾಜು. ಸರಣಿ ನೋಡಿದ ಮೇಲೆಯೇ ಇದು ನಿಜವಾಗಿ ನಡೆದದ್ದು ಅಂತ ಗೊತ್ತಾಯಿತು ಎಂದ ಅಮೆರಿಕನ್ನರು ಬಹಳ.

ಇಲ್ಲಿ ಇನ್ನೊಂದು ಪದದ ಕಥೆ ಇದೆ. ಅಂದಿನವರು ಇದಕ್ಕೆ ಇಟ್ಟ ಹೆಸರು ‘ರೇಸ್ ರಾಯಟ್’, ಅಂದರೆ ಗಲಭೆ. ಗಲಭೆ ಅಂದರೆ ಎರಡೂ ಕಡೆಯವರು ಹೊಡೆದಾಡಿದರು ಅನ್ನಿಸುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಗಲಭೆಯಲ್ಲಿ ಆದ ನಷ್ಟಕ್ಕೆ ದುಡ್ಡಿಲ್ಲ ಅಂತ ವಿಮೆಯ ಕಾಗದದಲ್ಲೇ ಷರತ್ತಿತ್ತು. ಮನೆ ಅಂಗಡಿ ಕಳೆದುಕೊಂಡವರು ಕ್ಲೇಮ್ ಹಾಕಿದರು, ಕಂಪನಿಗಳು ಷರತ್ತು ತೋರಿಸಿದವು. ಒಂದು ಪದ ಎಷ್ಟೋ ಮನೆಗಳ ದುಡ್ಡು ತಿಂದಿತು. ಈಗ ‘ಮಸಾಕರ್’, ಅಂದರೆ ಹತ್ಯಾಕಾಂಡ ಅನ್ನುತ್ತಾರೆ. ಶತಮಾನದ ನೆನಪಿಗೆ ರಚಿಸಿದ ಆಯೋಗ ತನ್ನ ಹೆಸರಿನಲ್ಲಿದ್ದ ‘ರಾಯಟ್’ ತೆಗೆದದ್ದು 2018ರಲ್ಲಿ.

ದುಡ್ಡು ಕೊಡುವ ಪದ್ಧತಿಯೇ ಇರಲಿಲ್ಲ ಅಂತಲ್ಲ. 1862ರಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮರನ್ನು ಬಿಡುಗಡೆ ಮಾಡಿದಾಗ ತಲೆಗೆ 300 ಡಾಲರ್‌ವರೆಗೆ ಕೊಟ್ಟರು. ಕೊಟ್ಟದ್ದು ಒಡೆಯರಿಗೆ! ಎರಡನೇ ಮಹಾಯುದ್ಧದಲ್ಲಿ ಶಿಬಿರಗಳಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದ ಅಮೆರಿಕನ್ನರಲ್ಲಿ ಬದುಕಿದ್ದವರಿಗೆ 1988ರ ಕಾನೂನಿನಡಿ ತಲಾ 20,000 ಡಾಲರ್ ಕೊಟ್ಟು ಕ್ಷಮೆಯನ್ನೂ ಕೇಳಿದರು. ರೆಪರೇಷನ್ ಅನ್ನುವುದಕ್ಕೆ ಸರಿಯಾಗಿ ಹೊಂದುವುದು ಈ ಎರಡನೆಯದು.

ಸರಣಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಗ್ರೀನ್‌ವುಡ್ ಕೇಂದ್ರದ ದೃಶ್ಯ. ಬೂತಿನೊಳಗೆ ಹೋಗಿ ಡಿಎನ್‌ಎ ಮಾದರಿ ಕೊಟ್ಟರೆ ನೀವು ಸಂತ್ರಸ್ತರ ವಂಶದವರೋ ಅಲ್ಲವೋ ಅಂತ ಯಂತ್ರ ಹೇಳುತ್ತದೆ. ಪರದೆಯ ಮೇಲೆ ಮಾತಾಡುವ ಖಜಾನೆ ಮಂತ್ರಿ, ನಿಜ ಜೀವನದ ಇತಿಹಾಸಕಾರ ಹೆನ್ರಿ ಲೂಯಿಸ್ ಗೇಟ್ಸ್. ಆಂಜೆಲಾ ಅಲ್ಲಿಗೆ ಹೋಗುವುದು ದುಡ್ಡಿಗಲ್ಲ, ಒಬ್ಬ ಮುದುಕ ಯಾರು ಅಂತ ತಿಳಿಯಲು. ಅವನು ಅವಳ ಅಜ್ಜ. ಬೆಂಕಿ ಬಿದ್ದ ಆ ಊರಿನಿಂದ ಪಾರಾದ ಹುಡುಗ. ತೆರಿಗೆ ವಿನಾಯಿತಿಯ ಯಂತ್ರ ಅವಳಿಗೆ ಕೊಟ್ಟದ್ದು ಒಬ್ಬ ಅಜ್ಜನನ್ನು.

ನಿಜವಾದ ಟಲ್ಸಾದಲ್ಲಿ ಅಂಥ ಕಾನೂನು ಬರಲಿಲ್ಲ. 2001ರಲ್ಲಿ ರಾಜ್ಯದ ಆಯೋಗವೇ ಕೊಡಬೇಕು ಅಂದಿತು, ಸರ್ಕಾರ ಕೊಡಲಿಲ್ಲ. ಬದುಕುಳಿದವರು, ನೂರು ದಾಟಿದವರು, ಹಾಕಿದ್ದ ದಾವೆಯನ್ನು ಒಕ್ಲಹೋಮಾದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ತಳ್ಳಿಹಾಕಿತು. ಮರುವರ್ಷ ಜೂನ್‌ನಲ್ಲಿ ನಗರದ ಮೊದಲ ಕಪ್ಪು ಮೇಯರ್ ಮನ್ರೋ ನಿಕೋಲ್ಸ್ 10.5 ಕೋಟಿ ಡಾಲರ್‌ನ ಟ್ರಸ್ಟ್ ಯೋಜನೆ ಪ್ರಕಟಿಸಿದರು. ಮನೆ, ವಿದ್ಯಾರ್ಥಿವೇತನ, ಹಳೆ ಕಟ್ಟಡಗಳ ರಕ್ಷಣೆಗೆ ಅಂತ. ಯಾರ ಕೈಗೂ ನೇರ ದುಡ್ಡಿಲ್ಲ. ರೆಪರೇಷನ್ ಅನ್ನುವ ಪದ ರಾಜಕೀಯವಾಗಿಬಿಟ್ಟಿದೆ ಅಂತ ಅದನ್ನು ಅವರು ಬಳಸಲಿಲ್ಲ. ಯೋಜನೆಗೆ ಇಟ್ಟ ಹೆಸರು ‘ರೋಡ್ ಟು ರಿಪೇರ್’.