ಕ್ಷಯಪೀಡಿತ ಶ್ವಾಸಕೋಶದ ರೋಗನಿರೋಧಕ ಕೋಶಗಳು: ಅಧ್ಯಯನ ಟಿಪ್ಪಣಿ

ಕ್ಷಯರೋಗಿಯ ರಕ್ತವನ್ನಷ್ಟೇ ಪರೀಕ್ಷಿಸಿದರೆ ಶ್ವಾಸಕೋಶದೊಳಗಿನ ಹೋರಾಟ ಪೂರ್ತಿಯಾಗಿ ತಿಳಿಯುವುದಿಲ್ಲ. ಏಕೆಂದರೆ ಅಲ್ಲಿ ನೆಲೆಯೂರಿದ ಹಲವು ಟಿ ಕೋಶಗಳು (ರೋಗಾಣುಗಳನ್ನು ಗುರುತಿಸಿ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ರಕ್ತಕ್ಕೆ ಮರಳುವುದೇ ಇಲ್ಲ. ಆದ್ದರಿಂದ ಸಂಶೋಧಕರು ಶ್ವಾಸನಾಳದೊಳಗೆ ಇಳಿಸುವ ಬ್ರಾಂಕೋಸ್ಕೋಪ್ ಎಂಬ ಕೊಳವೆಯ ಮೂಲಕ ಲವಣದ್ರಾವಣವನ್ನು ಶ್ವಾಸಕೋಶಕ್ಕೆ ಬಿಟ್ಟು, ಮರಳಿ ಹೀರಿ, ಅದರಲ್ಲಿ ಸಿಕ್ಕ ಕೋಶಗಳನ್ನು ಪರಿಶೀಲಿಸುತ್ತಾರೆ. ಜೀವಂತ ಕ್ಷಯಾಣುಗಳೊಂದಿಗಿನ ಪ್ರಯೋಗಗಳಿಗೆ ಮೂರನೇ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕು; ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಥದ್ದೊಂದಿದೆ.

ಉಸಿರಿನೊಂದಿಗೆ ಒಳಬಂದ ಕ್ಷಯಾಣುವನ್ನು ಮೊದಲು ನುಂಗುವುದು ಗಾಳಿಗೂಡುಗಳಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ. ನುಂಗಿದ್ದನ್ನು ಅರಗಿಸಲು ಈ ಕೋಶವು ಕ್ಷಯಾಣುವಿರುವ ಒಳಚೀಲವನ್ನು ಲೈಸೋಸೋಮ್ ಎಂಬ ಜೀರ್ಣಕಾರಿ ಚೀಲದೊಂದಿಗೆ ಬೆಸೆಯಬೇಕು. ಕ್ಷಯಾಣು ಈ ಬೆಸುಗೆಯನ್ನೇ ತಡೆದು, ತನ್ನನ್ನು ಕೊಲ್ಲಬೇಕಾದ ಕೋಶದೊಳಗೇ ಸುಮಾರು 20 ಗಂಟೆಗಳಿಗೊಮ್ಮೆ ಇಬ್ಭಾಗವಾಗುತ್ತ ಬೆಳೆಯುತ್ತದೆ. ಇಡೀ ಪಾಠದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ ಅಂಶ.

ರೋಗಾಣುವಿನ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುವ ಡೆಂಡ್ರೈಟಿಕ್ ಕೋಶಗಳು ಸೋಂಕಿನ ಸುದ್ದಿಯನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದ ಮೇಲಷ್ಟೇ ಟಿ ಕೋಶಗಳು ಸಜ್ಜಾಗುತ್ತವೆ. ಮನುಷ್ಯರಲ್ಲಿ ಕ್ಷಯಾಣುವಿನ ಪ್ರೋಟೀನನ್ನು ಚರ್ಮಕ್ಕೆ ಚುಚ್ಚಿ ನೋಡುವ ಟ್ಯೂಬರ್ಕ್ಯುಲಿನ್ ಪರೀಕ್ಷೆ ಸೋಂಕಿನ ನಂತರ 2ರಿಂದ 8 ವಾರಗಳಿಗೆ ಸಕಾರಾತ್ಮಕವಾಗುವುದು ಈ ವಿಳಂಬಕ್ಕೆ ಸಾಕ್ಷಿ. ಸಿಡಿ4 ಎಂಬ ಬಗೆಯ ಟಿ ಕೋಶಗಳು ಶ್ವಾಸಕೋಶ ತಲುಪಿ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನನ್ನು ಸ್ರವಿಸಿದಾಗ ಮ್ಯಾಕ್ರೋಫೇಜ್‌ಗಳಿಗೆ ಕೊಲ್ಲುವ ಶಕ್ತಿ ಹೆಚ್ಚುತ್ತದೆ. ಎಚ್‌ಐವಿ ಇದೇ ಸಿಡಿ4 ಕೋಶಗಳನ್ನು ನಾಶಮಾಡುವುದರಿಂದ ಆ ಸೋಂಕಿರುವವರಲ್ಲಿ ಕ್ಷಯ ಅಷ್ಟು ಸುಲಭವಾಗಿ ತಲೆಯೆತ್ತುತ್ತದೆ.

ಇನ್ನು ಗ್ರಾನ್ಯುಲೋಮಾ, ಅಂದರೆ ಸೋಂಕಿನ ಸುತ್ತ ರೋಗನಿರೋಧಕ ಕೋಶಗಳು ಕಟ್ಟುವ ಗಂಟು. ಸೋಂಕು ತಗುಲಿದ ಮ್ಯಾಕ್ರೋಫೇಜ್‌ಗಳ ಸುತ್ತ ಬೇರೆ ಮ್ಯಾಕ್ರೋಫೇಜ್‌ಗಳು ಸೇರುತ್ತವೆ. ಕೆಲವು ಒಂದರೊಳಗೊಂದು ಬೆರೆತು ಹಲವು ನ್ಯೂಕ್ಲಿಯಸ್‌ಗಳ ದೈತ್ಯಕೋಶವಾಗುತ್ತವೆ, ಕೆಲವು ಕೊಬ್ಬು ತುಂಬಿಕೊಂಡು ನೊರೆಯಂತೆ ಕಾಣುತ್ತವೆ, ನಡುಭಾಗ ಸತ್ತು ಗಿಣ್ಣಿನಂತೆ ಮೆತ್ತಗಾಗುತ್ತದೆ. ಇದನ್ನು ಬರೀ ರಕ್ಷಣೆಯ ಗೋಡೆ ಎಂದು ಬರೆದರೆ ಉತ್ತರ ಅಪೂರ್ಣ. ಗೋಡೆ ಗಟ್ಟಿಯಿರುವವರೆಗೆ ಕ್ಷಯಾಣು ವರ್ಷಗಟ್ಟಲೆ ಸುಪ್ತವಾಗಿರಬಲ್ಲದು. ಸಂಧಿವಾತಕ್ಕೆ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಔಷಧಿ ಪಡೆದವರಲ್ಲಿ ಸುಪ್ತ ಕ್ಷಯ ಮರುಕಳಿಸಬಹುದೆಂಬುದು ಈ ಗೋಡೆಯನ್ನು ಕಾಯುವುದರಲ್ಲಿ ಆ ಪ್ರೋಟೀನಿನ ಪಾತ್ರವನ್ನು ತೋರಿಸಿಕೊಟ್ಟಿತು. ಆದರೆ ಇದೇ ಗೋಡೆಯೊಳಗೆ ಔಷಧಿ ಇಳಿಯುವುದೂ ಕಷ್ಟ, ನಡುಭಾಗ ಕರಗಿ ಶ್ವಾಸನಾಳಕ್ಕೆ ಬಾಯಿ ತೆರೆದರೆ ಕೆಮ್ಮಿನ ಮೂಲಕ ರೋಗ ಹರಡುವುದೂ ಅಲ್ಲಿಂದಲೇ.

ಗ್ರಾನ್ಯುಲೋಮಾದ ಚಿತ್ರ ಬರೆಯುವಾಗ ಟಿ ಕೋಶಗಳನ್ನು ಹೊರಸುತ್ತಿನಲ್ಲಿ, ಮ್ಯಾಕ್ರೋಫೇಜ್‌ಗಳನ್ನು ಒಳಸುತ್ತಿನಲ್ಲಿ ಗುರುತಿಸಿ. ಹೊರಸುತ್ತಿನ ಟಿ ಕೋಶಗಳು ಒಳಗಿರುವ ಸೋಂಕಿತ ಕೋಶಗಳನ್ನು ಸರಿಯಾಗಿ ತಲುಪುವುದಿಲ್ಲವೇಕೆ ಎಂಬ ಪ್ರಶ್ನೆಯನ್ನು ಶ್ವಾಸಕೋಶದ ಕೋಶಗಳನ್ನು ಶೋಧಿಸುವ ವಿಜ್ಞಾನಿಗಳು ಕೇಳುವುದು ಈ ಎರಡು ಸುತ್ತುಗಳ ನಡುವಿನ ಅಂತರವನ್ನು ನೋಡಿಯೇ.