ಪಂಪ್ ಬದಲಿಸುವ ಮೊದಲು ಲೀಕ್ ಹುಡುಕಿ

ಹೋದ ಮಳೆಗಾಲದಲ್ಲಿ ಒಂದು ಹಳೇ ಮರ್ಸಿಡಿಸ್ ಇ 220 ನನ್ನ ಹತ್ತಿರ ಬಂತು. ಡ್ರೈವರ್ ಬಾಗಿಲಿಗೆ ಕೀ ಹಾಕಿ ತಿರುಗಿಸಿದರೆ ಅದೊಂದೇ ಬಾಗಿಲು ಲಾಕ್ ಆಗುತ್ತಿತ್ತು. ಉಳಿದ ಮೂರೂ ಹಾಗೇ. ಒಂದು ಕೀಗೆ ಎಲ್ಲ ಬಾಗಿಲೂ ಲಾಕ್ ಆಗಬೇಕಾದ ಸೆಂಟ್ರಲ್ ಲಾಕ್ ಅದು, ಗಾಳಿ ಪಂಪಿನಿಂದ ನಡೆಯುವಂಥದ್ದು. "ಎಂಟು ತಿಂಗಳ ಹಿಂದೆ ತಾನೇ ಪಂಪ್ ಬದಲಿಸಿದ್ದೆ, ಮತ್ತೆ ಹೋಗಿದೆ" ಅಂದರು ಮಾಲೀಕರು. ಹೊಸ ಪಂಪ್ ಹಾಕಿಸಿದ ಮೇಲೆ ಲಾಕ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಎಷ್ಟು ಹೊತ್ತು ಸದ್ದು ಬರುತ್ತಿತ್ತು ಅಂತ ಕೇಳಿದೆ. "ಅರ್ಧ ನಿಮಿಷ ಬರುತ್ತಿತ್ತು. ಅದು ಇರೋದೇ ಹಾಗೆ ಅಂದುಕೊಂಡಿದ್ದೆ."

ಇರೋದು ಹಾಗಲ್ಲ. ರೋಗ ಇದ್ದದ್ದೇ ಆ ಅರ್ಧ ನಿಮಿಷದಲ್ಲಿ.

ಡಬ್ಲ್ಯೂ 124 ಅಂತ ಕರೆಯುವ ಈ ಕಾರನ್ನು 1995ರಲ್ಲಿ ಪುಣೆಯ ಪಿಂಪ್ರಿಯಲ್ಲಿ ಜೋಡಿಸಿ ಮಾರಲು ಶುರು ಮಾಡಿದರು. ಬೆಂಗಳೂರಿನಲ್ಲಿ ಈಗಲೂ ಪ್ರೀತಿಯಿಂದ ಇಟ್ಟುಕೊಂಡವರು ಇದ್ದಾರೆ. ಇದರ ಸೆಂಟ್ರಲ್ ಲಾಕ್ ಈಗಿನ ಕಾರುಗಳ ಹಾಗೆ ಬಾಗಿಲಿಗೊಂದು ಮೋಟಾರ್ ಇಟ್ಟುಕೊಂಡು ಕೆಲಸ ಮಾಡುವುದಿಲ್ಲ. ಇದು ಗಾಳಿಯಲ್ಲಿ ನಡೆಯುತ್ತದೆ. ಹಿಂದಿನ ಸೀಟಿನ ಬಲಗಡೆ, ಕೆಳಗೆ, ಸ್ಪಂಜಿನ ಗೂಡಿನೊಳಗೆ ಒಂದು ಕರೆಂಟಿನ ಪಂಪ್ ಇರುತ್ತದೆ. ಅಲ್ಲಿಂದ ಸಣ್ಣ ಪ್ಲಾಸ್ಟಿಕ್ ಕೊಳವೆಗಳು ಬಾಗಿಲು, ಡಿಕ್ಕಿ, ಪೆಟ್ರೋಲ್ ಮುಚ್ಚಳಕ್ಕೆ ಹೋಗುತ್ತವೆ. ಕೊಳವೆಯ ತುದಿಯಲ್ಲಿ ಒಂದೊಂದು ಆಕ್ಚುಯೇಟರ್. ಅಂದರೆ ಒಳಗೆ ತೆಳು ರಬ್ಬರ್ ಪೊರೆ ಇರುವ ಡಬ್ಬಿ. ಲಾಕ್ ಮಾಡುವಾಗ ಪಂಪ್ ಗಾಳಿ ಎಳೆಯುತ್ತದೆ, ಪೊರೆ ಒಳಗೆ ಸರಿದು ಕಡ್ಡಿಯನ್ನು ಎಳೆದುಕೊಳ್ಳುತ್ತದೆ. ಅನ್‌ಲಾಕ್ ಮಾಡುವಾಗ ಅದೇ ಪಂಪ್ ಉಲ್ಟಾ ತಿರುಗಿ ಗಾಳಿ ಊದುತ್ತದೆ. ಎರಡಕ್ಕೂ ಅದೇ ಕೊಳವೆ. ಅದೇ ಕಾಲದ ಕೆಲವು ಆಡಿ, ಫೋಕ್ಸ್‌ವ್ಯಾಗನ್ ಕಾರುಗಳಲ್ಲೂ ಇಂಥದೇ ಏರ್ಪಾಡು.

ಎಲ್ಲ ಸರಿ ಇದ್ದರೆ ಎರಡು-ಮೂರು ಸೆಕೆಂಡಿನಲ್ಲಿ ಒತ್ತಡ ಸಾಕಷ್ಟಾಗುತ್ತದೆ. ಪಂಪಿನೊಳಗಿನ ಸ್ವಿಚ್ ಅದನ್ನು ಗಮನಿಸಿ ಮೋಟಾರ್ ನಿಲ್ಲಿಸುತ್ತದೆ. ಎಲ್ಲೋ ಲೀಕ್ ಇದ್ದರೆ ಒತ್ತಡ ಏರುವುದೇ ಇಲ್ಲ. ತೂತು ಬಿದ್ದ ಸ್ಟ್ರಾ ಹಾಕಿ ಎಳನೀರು ಹೀರಿ ನೋಡಿ, ಕೆನ್ನೆ ನೋಯುತ್ತದೆಯೇ ಹೊರತು ಬಾಯಿಗೆ ನೀರು ಬರಲ್ಲ. ಪಂಪಿನ ಪಾಡೂ ಅಷ್ಟೇ. ಸುಮಾರು ಅರ್ಧ ನಿಮಿಷ ಒದ್ದಾಡಿದ ಮೇಲೆ ಟೈಮರ್ ಅದನ್ನು ಆಫ್ ಮಾಡುತ್ತದೆ. ದಿನಕ್ಕೆ ಲಾಕ್, ಅನ್‌ಲಾಕ್ ಎರಡೂ ಸೇರಿ ಹತ್ತು ಸಲ ಆದರೆ, ಸಲಕ್ಕೆ ಅರ್ಧ ನಿಮಿಷದ ಹಾಗೆ ಐದು ನಿಮಿಷ ಆಯಿತು. ಮೂರು ಸೆಕೆಂಡಿನ ಕೆಲಸಕ್ಕೆ ಮಾಡಿದ ಪಂಪ್ ಅದು. ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಸವೆಯುತ್ತದೆ, ಮೋಟಾರ್ ಬಿಸಿಯಾಗುತ್ತದೆ, ಒಂದು ದಿನ ಸದ್ದೇ ಇಲ್ಲ. ಆಗ ಎಲ್ಲರೂ ಪಂಪ್ ಬದಲಿಸುತ್ತಾರೆ. ಅದನ್ನು ಕೊಂದ ಲೀಕ್ ಕಾರಿನಲ್ಲೇ ಉಳಿಯುತ್ತದೆ. ಈ ಮಾಲೀಕರಿಗೆ ಆಗಿದ್ದೂ ಇದೇ. ಎರಡು ಪಂಪಿನ ದುಡ್ಡು ನೀರಿಗೆ ಹೋಯಿತಲ್ಲ ಅಂತ ನನಗೂ ಬೇಜಾರಾಯಿತು.

ಹಾಗಾಗಿ ಇಂಥ ಕಾರು ಬಂದರೆ ನಾನು ಮೊದಲು ಮಾಡುವುದು ಹೆಬ್ಬೆರಳಿನ ಪರೀಕ್ಷೆ. ಸೀಟ್ ಎತ್ತಿ, ಪಂಪಿನಿಂದ ರಬ್ಬರ್ ಕೊಳವೆ ಕಿತ್ತು, ಪಂಪಿನ ಮೂತಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚುತ್ತೇನೆ. ಹುಡುಗ ಕೀ ತಿರುಗಿಸುತ್ತಾನೆ. ಪಂಪ್ ಒಂದೆರಡು ಸೆಕೆಂಡಿನಲ್ಲಿ ನಿಂತರೆ ಅದು ಗಟ್ಟಿಮುಟ್ಟಾಗಿದೆ, ತೊಂದರೆ ಆಚೆ ಇದೆ. ಓಡುತ್ತಲೇ ಇದ್ದರೆ ಪಂಪೇ ಸೋತಿದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ಅರ್ಥ್ ವೈರ್, ಬಾಗಿಲಿನ ಲಾಕಿನಲ್ಲಿರುವ ಸ್ವಿಚ್ ನೋಡಬೇಕು. ಸ್ಪಂಜಿನ ಗೂಡನ್ನೂ ಮುಟ್ಟಿ ನೋಡಿ. ಹಿಂದಿನ ಗಾಜಿನ ರಬ್ಬರ್ ಹಳೆಯದಾಗಿ ಮಳೆನೀರು ಇಳಿದಿದ್ದರೆ ಸ್ಪಂಜು ಒದ್ದೆ ಇರುತ್ತದೆ. ಪಂಪಿಗೆ ತುಕ್ಕು ಹಿಡಿಯುವುದು ಅಲ್ಲಿಂದಲೇ.

ಆಮೇಲೆ ಲೀಕ್ ಹುಡುಕುವ ಕೆಲಸ. ಇಡೀ ಕಾರನ್ನು ಒಟ್ಟಿಗೆ ಹುಡುಕಲು ಹೋದರೆ ತಲೆ ಕೆಡುತ್ತದೆ. ಒಂದೊಂದೇ ಕವಲನ್ನು ಬಿಡಿಸಿ, ಬಾಯಿ ಮುಚ್ಚಿ, ಪಂಪ್ ಓಡಿಸಿ ನೋಡಬೇಕು. ಯಾವುದನ್ನು ಮುಚ್ಚಿದಾಗ ಪಂಪ್ ಬೇಗ ನಿಲ್ಲುತ್ತದೋ ಆ ಕವಲಿನಲ್ಲೇ ತೂತು. ದಯವಿಟ್ಟು ಗಟ್ಟಿ ಪ್ಲಾಸ್ಟಿಕ್ ಕೊಳವೆಯನ್ನು ಪ್ಲೈಯರ್‌ನಿಂದ ಒತ್ತಿ ಹಿಡಿಯಬೇಡಿ. ಇಷ್ಟು ವರ್ಷದ ಪ್ಲಾಸ್ಟಿಕ್ ಅದು, ಸೀಳಿಬಿಡುತ್ತದೆ. ಒಂದು ಲೀಕ್ ಹುಡುಕಲು ಹೋಗಿ ಎರಡು ಮಾಡಿಕೊಂಡ ಹಾಗೆ. ರಬ್ಬರ್ ಜಾಯಿಂಟಿನಲ್ಲಿ ಮೆಲ್ಲಗೆ ತಿರುಚಿ ಬಿಡಿಸಿ, ಸರಿಯಾದ ಅಳತೆಯ ಸ್ಕ್ರೂ ತೂರಿಸಿ ಮುಚ್ಚಿದರೆ ಸಾಕು.

ಆಕ್ಚುಯೇಟರ್ ಪರೀಕ್ಷಿಸಲು, ಒತ್ತಡ ತೋರಿಸುವ ಗೇಜ್ ಇರುವ ಕೈಪಂಪ್ ಇದ್ದರೆ ಒಳ್ಳೆಯದು. ಇಲ್ಲದವರಿಗೆ ಮೆಡಿಕಲ್ ಶಾಪಿನ 50 ಎಂಎಲ್ ಸಿರಿಂಜ್ ಸಾಕು. ನನ್ನ ಟೂಲ್‌ಬಾಕ್ಸಿನಲ್ಲಿ ಯಾವಾಗಲೂ ಒಂದು ಇರುತ್ತದೆ. ಆಕ್ಚುಯೇಟರಿಗೆ ಸಿರಿಂಜ್ ಸಿಕ್ಕಿಸಿ ಹಿಡಿಯನ್ನು ಎಳೆಯಿರಿ. ಕಡ್ಡಿ ಪೂರ್ತಿ ಸರಿದ ಮೇಲೂ ಇನ್ನಷ್ಟು ಎಳೆದು, ಹತ್ತು ಎಣಿಸುವವರೆಗೆ ಹಿಡಿದುಕೊಂಡು, ಕೈ ಬಿಡಿ. ಹಿಡಿ ಸರ್ರಂತ ಹಿಂದಕ್ಕೆ ಓಡಿದರೆ ಪೊರೆ ಚೆನ್ನಾಗಿದೆ. ಎಳೆದ ಜಾಗದಲ್ಲೇ ಸುಮ್ನೆ ನಿಂತರೆ ಪೊರೆ ಹರಿದಿದೆ, ಅಷ್ಟು ಹೊತ್ತಿಗೆ ಗಾಳಿ ಒಳಗೆ ನುಗ್ಗಿಯಾಗಿದೆ.

ಈ ಇ 220ರಲ್ಲಿ ತೊಂದರೆ ಸಿಕ್ಕಿದ್ದು ಎಡಗಡೆಯ ಹಿಂದಿನ ಬಾಗಿಲಿನಲ್ಲಿ. ಸಿರಿಂಜ್ ಪರೀಕ್ಷೆಯಲ್ಲಿ ಆಕ್ಚುಯೇಟರ್ ಪಾಸಾಯಿತು. ಅದರ ಬುಡದಲ್ಲಿ ಮೊಣಕೈಯ ಹಾಗೆ ಬಾಗಿದ ರಬ್ಬರ್ ತುಂಡನ್ನು ಮುಟ್ಟಿ ನೋಡಿದೆ. ಹೊರಗಿನಿಂದ ನೋಡಿದರೆ ಸರಿಯಾಗೇ ಇತ್ತು. ಬಗ್ಗಿಸಿದಾಗ ಒಳಭಾಗದಲ್ಲಿ ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯಿತು. ಬೆರಳಿಗೆ ಕಾಡಿಗೆಯ ಹಾಗೆ ಕಪ್ಪು ಪುಡಿ ಅಂಟಿತು. ಬದಲಿಸಿದ ತುಂಡಿಗೆ 40 ರೂಪಾಯಿ. ಎರಡು ಪಂಪನ್ನು ತಿಂದುಹಾಕಿದ್ದು ಆ ಸೀಳು.

ನನ್ನ ಅನುಭವದಲ್ಲಿ ಕೊಳವೆ ಮಧ್ಯದಲ್ಲಿ ಒಡೆಯುವುದು ಕಡಿಮೆ. ಜಾಯಿಂಟಿನ ರಬ್ಬರ್, ಬಾಗಿಲಿನ ಕೀಲಿನ ಹತ್ತಿರ ಮಡಚಿ-ಬಿಚ್ಚುವ ಜಾಗ, ಡಿಕ್ಕಿ ಮುಚ್ಚಳದ ಬಗ್ಗುವ ಮೂಲೆ, ಇಲ್ಲೇ ಜಾಸ್ತಿ. ಸೈಕಲ್ ಶಾಪಿನವರು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ನೋಡುತ್ತಾರಲ್ಲ, ಅದನ್ನು ಇಲ್ಲೂ ಮಾಡಬಹುದು. ಅನ್‌ಲಾಕ್ ಮಾಡುವಾಗ ಪಂಪ್ ಗಾಳಿ ಊದುತ್ತದೆ ಅಂದೆನಲ್ಲ, ಆ ಹೊತ್ತಿನಲ್ಲಿ ಜಾಯಿಂಟಿಗೆ ಬ್ರಶ್‌ನಿಂದ ಸೋಪ್ ನೀರು ಹಚ್ಚಿ. ಲೀಕ್ ಇದ್ದಲ್ಲಿ ನೊರೆ ಏಳುತ್ತದೆ. ಲಾಕ್ ಮಾಡುವಾಗ ಮಾತ್ರ ಹಚ್ಚಬೇಡಿ, ಸೋಪ್ ನೀರು ಕೊಳವೆಯೊಳಗೆ ಹೋಗುತ್ತದೆ.

ಇದಕ್ಕಿಂತ ಹಿಂದಿನ ಡಬ್ಲ್ಯೂ 123 ಕಾರುಗಳ ಲಾಕಿಗೆ ಕರೆಂಟಿನ ಪಂಪೇ ಇಲ್ಲ. ಎಂಜಿನ್ನಿನಿಂದ ಬರುವ ವ್ಯಾಕ್ಯೂಮನ್ನು, ಅಂದರೆ ಗಾಳಿಯ ಎಳೆತವನ್ನು, ಒಂದು ಡಬ್ಬಿಯಲ್ಲಿ ಕೂಡಿಟ್ಟುಕೊಂಡು ಬಳಸುತ್ತದೆ. ಲಾಕ್ ಮಾಡಲು ಒಂದು ಕೊಳವೆ, ತೆರೆಯಲು ಇನ್ನೊಂದು. ಎರಡರಲ್ಲೂ ಎಳೆತವೇ, ಊದುವುದಿಲ್ಲ. ಹಾಗಾಗಿ ಸೋಪ್ ನೀರಿನ ಉಪಾಯ ಇಲ್ಲಿ ಬೇಡ. ಡೀಸೆಲ್ ಮಾದರಿಯಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಕೀ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ! ಡೀಸೆಲ್ ಬಂದ್ ಮಾಡುವುದೂ ಅದೇ ವ್ಯಾಕ್ಯೂಮ್. ಬಾಗಿಲಿನಲ್ಲಿ ಲೀಕ್ ಆದರೆ ಅದಕ್ಕೆ ಬಲ ಸಾಲುವುದಿಲ್ಲ. ಜನ ಗಾಬರಿಯಾಗಿ ಗೇರ್ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸುತ್ತಾರೆ. ಅದು ಬೇಡ, ಬಾನೆಟ್ ಎತ್ತಿದರೆ ಸ್ಟಾಪ್ ಅಂತ ಬರೆದ ಲಿವರ್ ಇದೆ, ಒತ್ತಿ ಹಿಡಿಯಿರಿ. ಆಮೇಲೆ ಲಾಕಿಗೆ ಹೋಗುವ ಕೊಳವೆಯನ್ನು ಎಂಜಿನ್ ಬಳಿಯೇ ಬಿಡಿಸಿ ಮೂಲದ ಬಾಯಿ ಮುಚ್ಚಿ ನೋಡಿ. ಈಗ ಕೀಗೆ ಎಂಜಿನ್ ನಿಂತರೆ ತಪ್ಪು ಬಾಗಿಲುಗಳ ಕಡೆಯದು. ಆದರೆ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗಿದ್ದರೆ ಕಾರು ಓಡಿಸಲೇಬೇಡಿ. ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರಿಗೂ ಎಂಜಿನ್ನಿನ ಅದೇ ವ್ಯಾಕ್ಯೂಮ್ ಆಧಾರ.

ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗ ಮಾರುವ ಜೆ.ಸಿ. ರಸ್ತೆಗೆ ಹೋದರೆ ಕರೆಂಟಿನ ಲಾಕ್ ಕಿಟ್ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಹಾಕಿಸಲಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಬಾಗಿಲಿನ ತಗಡಿಗೆ ಹೊಸ ತೂತು ಕೊರೆಯಬೇಕು, ಕೀಲಿನೊಳಗೆ ಹೊಸ ವೈರ್ ಎಳೆಯಬೇಕು, ಪೆಟ್ರೋಲ್ ಮುಚ್ಚಳದ ಲಾಕ್ ಅದಕ್ಕೆ ಹೊಂದಲ್ಲ. ಗಾಳಿಯ ಲಾಕ್ ಬೀಳುವ ಆ ಮೆತ್ತನೆ ಸದ್ದೂ ಹೋಗುತ್ತದೆ. ಈಗಾಗಲೇ ಹಾಕಿಸಿದ್ದರೆ ಹಳೇ ಕೊಳವೆಗಳನ್ನು ಕಿತ್ತು ಬಿಸಾಡಬೇಡಿ. ಮತ್ತೆ ಜೋಡಿಸಬಹುದು, ನಾನು ಜೋಡಿಸಿದ್ದೇನೆ.

ಬಾಗಿಲಿನ ಪ್ಯಾನೆಲ್ ಬಿಚ್ಚಿದವರು ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮರಳಿ ನೀಟಾಗಿ ಅಂಟಿಸಿ, ಇಲ್ಲದಿದ್ದರೆ ಮುಂದಿನ ಮಳೆಗೆ ನೀರು ಕಾರಿನೊಳಗೆ ಬರುತ್ತದೆ. ಇನ್ನು ಪೆಟ್ರೋಲ್ ಬಂಕಿನಲ್ಲಿ ಮುಚ್ಚಳ ತೆರೆಯದೆ ನಿಂತುಬಿಟ್ಟರೆ ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಡಿಕ್ಕಿಯ ಬಲಗಡೆಯ ಹೊದಿಕೆ ಸರಿಸಿದರೆ ಆಕ್ಚುಯೇಟರಿನ ಕಡ್ಡಿ ಕೈಗೆ ಸಿಗುತ್ತದೆ. ಹಿಂದಕ್ಕೆ ಎಳೆದರೆ ಮುಚ್ಚಳ ಬಿಡುತ್ತದೆ.